ಫಾರ್ಮಾಸಿಸ್ಟ್ ನೋಡಿ ಸರಿ ಅಂದಿದ್ದರು, ಹತ್ತು ನಿಮಿಷದಲ್ಲಿ ಬೇರೆ ಔಷಧ ಹೊರಗೆ ಬಂತು

2017ರ ಡಿಸೆಂಬರ್ 26, ಮಧ್ಯಾಹ್ನ 2 ಗಂಟೆ 47 ನಿಮಿಷ. ಅಮೆರಿಕದ ಟೆನ್ನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಊರಿನ ವಾಂಡರ್‌ಬಿಲ್ಟ್ ಯೂನಿವರ್ಸಿಟಿ ಮೆಡಿಕಲ್ ಸೆಂಟರ್‌ನಲ್ಲಿ ಒಬ್ಬ ಡಾಕ್ಟರ್ ಕಂಪ್ಯೂಟರ್‌ನಲ್ಲಿ ಒಂದು ಆರ್ಡರ್ ಹಾಕಿದರು: ವರ್ಸೆಡ್, 2 ಮಿಲಿಗ್ರಾಂ, ನರಕ್ಕೆ. 2 ಗಂಟೆ 49ಕ್ಕೆ ಆಸ್ಪತ್ರೆಯ ಫಾರ್ಮಾಸಿಸ್ಟ್ ಅದನ್ನು ನೋಡಿ ಸರಿ ಇದೆ ಅಂತ ಒಪ್ಪಿಗೆ ಒತ್ತಿದರು. 2 ಗಂಟೆ 59ಕ್ಕೆ ಒಬ್ಬ ನರ್ಸ್ ವಾರ್ಡಿನ ಔಷಧ ಕ್ಯಾಬಿನೆಟ್‌ನಿಂದ ವೆಕ್ಯುರೋನಿಯಂ ಅನ್ನುವ ಬೇರೆಯದೇ ಔಷಧವನ್ನು ಹೊರಗೆ ತೆಗೆದರು. ಮರುದಿನ ರೋಗಿ ತೀರಿಕೊಂಡರು.

ಈ ಪ್ರಕರಣದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಹೆಚ್ಚಿನವರು ಬರೆದದ್ದು ನರ್ಸ್ ಬಗ್ಗೆ. ತಪ್ಪು ಮಾಡಿದ ನರ್ಸ್‌ನ್ನು ಕೊಲೆಗಾರಳ ಹಾಗೆ ಕಟಕಟೆಗೆ ಹತ್ತಿಸಬಹುದಾ ಅನ್ನುವುದೇ ದೊಡ್ಡ ಚರ್ಚೆ ಆಯಿತು. ನಾನು ಆಸ್ಪತ್ರೆ ಫಾರ್ಮಸಿಯ ಕಿಟಕಿ ಒಳಗೆ ಕೂತು ಇಂಡೆಂಟ್, ಅಂದರೆ ವಾರ್ಡಿನವರು ಬೇಕು ಅಂತ ಕಳಿಸುವ ಔಷಧಗಳ ಪಟ್ಟಿ, ನೋಡುವವನು. ಹಾಗಾಗಿ ನನ್ನ ತಲೆಯಲ್ಲಿ ಕೂತಿದ್ದು ಆ 2 ಗಂಟೆ 49 ನಿಮಿಷ. ನಿಯಮ ಹೇಳಿದ ಹಾಗೆಯೇ ಫಾರ್ಮಾಸಿಸ್ಟ್ ನೋಡಿದ್ದರು. ಎರಡೇ ನಿಮಿಷದಲ್ಲಿ ನೋಡಿದ್ದರು, ತಡ ಕೂಡ ಮಾಡಿರಲಿಲ್ಲ. ಆದರೂ ಆ ನೋಟ ರೋಗಿಯ ಹಾಸಿಗೆವರೆಗೆ ತಲುಪಲೇ ಇಲ್ಲ. ಯಾಕೆ ತಲುಪಲಿಲ್ಲ ಅನ್ನುವುದೇ ನನಗೆ ಈ ಪ್ರಕರಣದ ತಿರುಳು.

ಅವತ್ತು ನಡೆದದ್ದು

ರೋಗಿಗೆ 75 ವರ್ಷ. ಮೆದುಳಿನಲ್ಲಿ ರಕ್ತ ಸೋರಿದೆ ಅಂತ ಡಿಸೆಂಬರ್ 24ಕ್ಕೆ ಸೇರಿಸಿದ್ದರು. ಎರಡು ದಿನದಲ್ಲಿ ಚೇತರಿಸಿಕೊಂಡಿದ್ದರು, ಮನೆಗೆ ಕಳಿಸುವ ಮಾತೂ ಶುರುವಾಗಿತ್ತು. ಅದಕ್ಕೆ ಮೊದಲು ಒಂದು ಪೆಟ್ ಸ್ಕ್ಯಾನ್ ಮಾಡಿಬಿಡೋಣ ಅಂತ ಕೆಳಗೆ ರೇಡಿಯಾಲಜಿಗೆ ಕಳಿಸಿದರು. ಇಕ್ಕಟ್ಟಾದ ಯಂತ್ರದೊಳಗೆ ಮಲಗಲು ಅವರಿಗೆ ಭಯ. ಭಯ ಕಡಿಮೆಯಾಗಲಿ, ಸ್ವಲ್ಪ ಮಂಪರು ಬರಲಿ ಅಂತ ಡಾಕ್ಟರ್ ವರ್ಸೆಡ್ ಬರೆದರು. ಇಷ್ಟೇ ವಿಷಯ. ನಮ್ಮಲ್ಲೂ ಎಂಆರ್‌ಐ ಕೋಣೆಯ ಹೊರಗೆ ದಿನಾ ನಡೆಯುವಂಥದ್ದು.

ಔಷಧ ಕೊಡಲು ಬಂದವರು ರಾಡೊಂಡಾ ವಾಟ್. ನ್ಯೂರೋ ಐಸಿಯುನಲ್ಲಿ ಅವತ್ತು ಅವರದು ಯಾರಿಗೆ ಏನು ಬೇಕೋ ಅದಕ್ಕೆಲ್ಲ ಓಡಾಡುವ ಕೆಲಸ. ಜೊತೆಗೆ ಹೊಸದಾಗಿ ಸೇರಿದ ನರ್ಸ್ ಒಬ್ಬರಿಗೆ ಕೆಲಸ ಕಲಿಸುತ್ತಾ ಇದ್ದರು. ಅವರು ಕ್ಯಾಬಿನೆಟ್ ಹತ್ತಿರ ಹೋಗಿ ಅದರ ಕೀಬೋರ್ಡ್‌ನಲ್ಲಿ ಔಷಧದ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರು: ವಿ, ಇ. ಇಂಗ್ಲಿಷಿನಲ್ಲಿ ವರ್ಸೆಡ್ ಶುರುವಾಗುವುದು ಹಾಗೇ ಅಲ್ವಾ. ರೋಗಿಯ ಪಟ್ಟಿಯಲ್ಲಿ ಏನೂ ಸಿಗಲಿಲ್ಲ. ಆಗ ಫಾರ್ಮಾಸಿಸ್ಟ್ ಒಪ್ಪಿಗೆ ಇಲ್ಲದೆಯೂ ಔಷಧ ತೆಗೆಯಲು ಬಿಡುವ ಓವರ್‌ರೈಡ್ ಬಟನ್ ಒತ್ತಿ, ಮತ್ತೆ ವಿ, ಇ ಹೊಡೆದು, ಮೊದಲು ಬಂದ ಹೆಸರನ್ನು ಆರಿಸಿದರು. ಅದು ವೆಕ್ಯುರೋನಿಯಂ.

ಸಿಗದೆ ಇದ್ದದ್ದು ಯಾಕೆ ಅಂದರೆ, ಫಾರ್ಮಾಸಿಸ್ಟ್ ಒಪ್ಪಿದ ಔಷಧ ಕ್ಯಾಬಿನೆಟ್‌ನಲ್ಲಿ ಜೆನೆರಿಕ್ ಹೆಸರಿನಲ್ಲಿ, ಅಂದರೆ ಔಷಧದ ಮೂಲ ಹೆಸರಿನಲ್ಲಿತ್ತು, ಮಿಡಜೋಲಾಮ್ ಅಂತ. ವರ್ಸೆಡ್ ಅನ್ನುವುದು ಹಳೇ ಬ್ರಾಂಡ್ ಹೆಸರು. ನಾವು ಯಾವ ಕಂಪನಿಯ ವನಸ್ಪತಿಯನ್ನೂ ಡಾಲ್ಡಾ ಅನ್ನುವ ಹಾಗೆ ಅಲ್ಲಿನ ಡಾಕ್ಟರ್, ನರ್ಸ್ ಎಲ್ಲರ ಬಾಯಲ್ಲೂ ಅದೇ ಉಳಿದಿತ್ತು. ಆರ್ಡರ್‌ನಲ್ಲಿ ಒಂದು ಹೆಸರು, ಡ್ರಾಯರ್‌ನಲ್ಲಿ ಇನ್ನೊಂದು ಹೆಸರು. ಅಂದರೆ ಸರಿಯಾದ ಔಷಧ, ಸರಿಯಾದ ಪ್ರಮಾಣದಲ್ಲಿ, ಒಪ್ಪಿಗೆ ಆಗಿ ಅದೇ ಯಂತ್ರದಲ್ಲಿ ಕಾಯುತ್ತಾ ಇತ್ತು. ಎಂ, ಐ ಅಂತ ಒತ್ತಿದ್ದರೆ ಮುಗಿದುಹೋಗುತ್ತಿತ್ತು. ಇದನ್ನು ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ.

ವೆಕ್ಯುರೋನಿಯಂ ಏನು ಮಾಡುತ್ತದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಆಪರೇಷನ್‌ ಹೊತ್ತಿನಲ್ಲಿ, ವೆಂಟಿಲೇಟರ್ ಹಾಕುವಾಗ, ಮೈಯ ಸ್ನಾಯುಗಳನ್ನು ಪೂರ್ತಿ ಸಡಿಲ ಮಾಡುವ ಔಷಧ ಇದು. ಉಸಿರಾಡುವ ಸ್ನಾಯುವೂ ನಿಲ್ಲುತ್ತದೆ. ಕೆಲವೇ ನಿಮಿಷದಲ್ಲಿ. ಆದರೆ ಪ್ರಜ್ಞೆ ತಪ್ಪಿಸುವುದಿಲ್ಲ, ನೋವನ್ನೂ ಕಡಿಮೆ ಮಾಡುವುದಿಲ್ಲ. ಉಸಿರಾಟದ ಯಂತ್ರ ಪಕ್ಕದಲ್ಲಿ ಇಲ್ಲದೆ ಇದನ್ನು ಯಾರಿಗಾದರೂ ಕೊಟ್ಟರೆ ಅವರು ಎಚ್ಚರವಾಗಿಯೇ ಇರುತ್ತಾರೆ, ಕೂಗಲು ಆಗುವುದಿಲ್ಲ, ಕೈ ಎತ್ತಲೂ ಆಗುವುದಿಲ್ಲ.

ಇನ್ನು ನರ್ಸ್ ಕಡೆಯ ತಪ್ಪು. ಅದನ್ನು ನಾನು ಮುಚ್ಚಿಡಲ್ಲ, ಅದು ದೊಡ್ಡದೇ. ಮಿಡಜೋಲಾಮ್ ದ್ರವ ರೂಪದಲ್ಲಿ ಬರುತ್ತದೆ, ನೇರವಾಗಿ ಸಿರಿಂಜ್‌ಗೆ ಎಳೆಯಬಹುದು. ವೆಕ್ಯುರೋನಿಯಂ ಪುಡಿ, ನೀರು ಬೆರೆಸಬೇಕು. ಇದೇನಪ್ಪಾ ಪುಡಿ ಇದೆಯಲ್ಲ ಅಂತ ವಾಟ್‌ಗೆ ಅನ್ನಿಸಿತು ಕೂಡ. ಎಷ್ಟು ನೀರು ಬೆರೆಸಬೇಕು ಅಂತ ವೈಲ್ (ಔಷಧದ ಪುಟ್ಟ ಸೀಸೆ) ತಿರುಗಿಸಿ ಹಿಂದೆ ಬರೆದದ್ದನ್ನು ಓದಿದರು, ಮುಂದಿದ್ದ ಹೆಸರನ್ನು ಓದಲಿಲ್ಲ. ವೈಲ್‌ನ ಕೆಂಪು ಮುಚ್ಚಳದ ಮೇಲೆಯೇ ಪಾರ್ಶ್ವವಾಯು ತರಿಸುವ ಔಷಧ, ಎಚ್ಚರ ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ಯಂತ್ರದ ಪರದೆ ಮೇಲಿನದ್ದೂ ಸೇರಿ ಕನಿಷ್ಠ ಐದು ಎಚ್ಚರಿಕೆಗಳನ್ನು ಅವರು ದಾಟಿ ಹೋದರು ಅಂತ ಸರ್ಕಾರಿ ವಕೀಲರು ಆಮೇಲೆ ವಾದ ಮಾಡಿದರು.

ರೇಡಿಯಾಲಜಿಯಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಇರಲಿಲ್ಲ. ವಾರ್ಡಿನಲ್ಲಾಗಿದ್ದರೆ ರೋಗಿಯ ಕೈಪಟ್ಟಿ, ವೈಲ್ ಎರಡನ್ನೂ ಸ್ಕ್ಯಾನ್ ಮಾಡಬೇಕು, ಹೊಂದದಿದ್ದರೆ ಯಂತ್ರ ಕಿರುಚುತ್ತದೆ. ಇಲ್ಲಿ ಕಿರುಚಲು ಯಾರೂ ಇರಲಿಲ್ಲ. ಇಂಜೆಕ್ಷನ್ ಕೊಟ್ಟು ವಾಟ್ ಮುಂದಿನ ಕೆಲಸಕ್ಕೆ ಹೋದರು. ರೋಗಿಯ ಪಕ್ಕ ಯಾರೂ ಕೂರಲಿಲ್ಲ. ಸುಮಾರು ಅರ್ಧ ಗಂಟೆ ಆದ ಮೇಲೆ ರೋಗಿಗಳನ್ನು ಸಾಗಿಸುವ ಸಿಬ್ಬಂದಿ ನೋಡಿದಾಗ ಉಸಿರಿಲ್ಲ. ಎದೆ ಒತ್ತಿ ಹೃದಯ ಮತ್ತೆ ಹೊಡೆದುಕೊಳ್ಳುವ ಹಾಗೆ ಮಾಡಿದರು, ಆದರೆ ಅಷ್ಟರಲ್ಲಿ ಮೆದುಳು ಹೋಗಿತ್ತು. 27ಕ್ಕೆ ಯಂತ್ರ ತೆಗೆದರು.

ಉಳಿದ ವೈಲ್ ನೋಡಿದ ಇನ್ನೊಬ್ಬ ನರ್ಸ್ ಇದು ವರ್ಸೆಡ್ ಅಲ್ಲ ಅಂತ ಹೇಳಿದ್ದು ಅವತ್ತೇ. ವಾಟ್ ಆ ಕ್ಷಣದಲ್ಲೇ ಒಪ್ಪಿಕೊಂಡರು. ಯಾರ ಮೇಲೂ ಹಾಕಲಿಲ್ಲ.

ಓವರ್‌ರೈಡ್ ಅಂದರೆ ಏನು

ಈ ಕ್ಯಾಬಿನೆಟ್ ಬಗ್ಗೆ ಸ್ವಲ್ಪ ಹೇಳಬೇಕು, ನಮ್ಮಲ್ಲಿ ತುಂಬಾ ಕಡಿಮೆ ಆಸ್ಪತ್ರೆಗಳಲ್ಲಿ ಇವು ಇವೆ. ಎಟಿಎಂ ತರಹದ್ದು ಅಂದುಕೊಳ್ಳಿ. ವಾರ್ಡಿನಲ್ಲಿ ಒಂದು ದೊಡ್ಡ ಕಪಾಟು, ಪರದೆ, ಕೀಬೋರ್ಡ್, ಬೀಗ ಹಾಕಿದ ಡ್ರಾಯರ್‌ಗಳು. ನರ್ಸ್ ಲಾಗಿನ್ ಆದರೆ ರೋಗಿಯ ಹೆಸರಿನ ಕೆಳಗೆ ಯಾವ ಔಷಧಗಳಿಗೆ ಫಾರ್ಮಾಸಿಸ್ಟ್ ಒಪ್ಪಿಗೆ ಕೊಟ್ಟಿದ್ದಾರೋ ಅವು ಮಾತ್ರ ಕಾಣುತ್ತವೆ. ಆರಿಸಿದರೆ ಆ ಡ್ರಾಯರ್ ತೆರೆದುಕೊಳ್ಳುತ್ತದೆ. ಫಾರ್ಮಸಿ ಕೆಳಗಿನ ಮಹಡಿಯಲ್ಲಿದ್ದರೂ ಫಾರ್ಮಾಸಿಸ್ಟ್ ಕಣ್ಣು ಮೇಲಿನ ವಾರ್ಡಿನಲ್ಲಿ ಇರಬೇಕು, ಅದೇ ಈ ಯಂತ್ರದ ಉದ್ದೇಶ.

ನಿಯಮವೂ ಅದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಮೆಡಿಕೇರ್ ಅನ್ನುವ, ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆಯ ದುಡ್ಡು ಪಡೆಯುವ ಆಸ್ಪತ್ರೆಗಳಿಗೆ ಫೆಡರಲ್ ಷರತ್ತುಗಳಿವೆ. ಆಸ್ಪತ್ರೆಯ ಫಾರ್ಮಸಿ ವ್ಯವಸ್ಥೆಯನ್ನು ನೋಂದಾಯಿತ ಫಾರ್ಮಾಸಿಸ್ಟ್ ನಡೆಸಬೇಕು, ಔಷಧ ತಯಾರಿಸುವುದು, ಪ್ಯಾಕ್ ಮಾಡುವುದು, ಕೊಡುವುದು ಎಲ್ಲ ಫಾರ್ಮಾಸಿಸ್ಟ್ ಮೇಲ್ವಿಚಾರಣೆಯಲ್ಲಿ ಆಗಬೇಕು ಅಂತ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಇನ್ನೂ ಬಿಡಿಸಿ ಹೇಳುತ್ತದೆ: ಕ್ಯಾಬಿನೆಟ್‌ನಿಂದಾಗಲಿ ವಾರ್ಡ್ ಸ್ಟಾಕ್‌ನಿಂದಾಗಲಿ ಔಷಧ ತೆಗೆಯುವ ಮೊದಲು ಫಾರ್ಮಾಸಿಸ್ಟ್ ಆ ಆರ್ಡರ್ ನೋಡಿರಬೇಕು. ಎರಡು ವಿನಾಯಿತಿ ಇದೆ. ಡಾಕ್ಟರ್ ತಾವೇ ಎದುರಿಗೆ ನಿಂತು ಕೊಡಿಸುತ್ತಿದ್ದರೆ ಸರಿ. ಕಾಯುತ್ತಾ ಕೂತರೆ ರೋಗಿಗೆ ಅಪಾಯ ಅನ್ನುವಷ್ಟು ತುರ್ತಿದ್ದರೂ ಸರಿ.

ಆ ಎರಡನೇ ವಿನಾಯಿತಿಗೆ ಯಂತ್ರದಲ್ಲಿ ಇಟ್ಟ ಬಟನ್ನೇ ಓವರ್‌ರೈಡ್. ಹೃದಯ ನಿಂತ ರೋಗಿಗೆ ಅಡ್ರಿನಲಿನ್ ಬೇಕಾದಾಗ ಫಾರ್ಮಾಸಿಸ್ಟ್ ಒಪ್ಪಿಗೆ ಬರಲಿ ಅಂತ ಕಾಯಲು ಆಗುತ್ತಾ? ಆಗಲ್ಲ. ಹಾಗಾಗಿ ಬಟನ್ ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರುವುದು ಇಲ್ಲಿ. ಪೆಟ್ ಸ್ಕ್ಯಾನ್‌ಗೆ ಭಯ ಪಡುವ ರೋಗಿಗೆ ಮಂಪರು ಔಷಧ ಕೊಡುವುದು ಯಾವ ಲೆಕ್ಕದಲ್ಲಿ ತುರ್ತು? ಯಾವ ಲೆಕ್ಕದಲ್ಲೂ ಅಲ್ಲ. ಆದರೂ ಯಂತ್ರ ತೆರೆಯಿತು. ಯಾಕಂದರೆ ಯಂತ್ರಕ್ಕೆ ತುರ್ತು ಅಂದರೆ ಏನು ಅಂತ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಒಂದು ಪಟ್ಟಿ ಮಾತ್ರ. ಈ ವಾರ್ಡಿನಲ್ಲಿ ಈ ಔಷಧಗಳನ್ನು ಒಪ್ಪಿಗೆ ಇಲ್ಲದೆ ತೆಗೆಯಬಹುದು ಅನ್ನುವ ಪಟ್ಟಿ. ಐಸಿಯುನಲ್ಲಿ ದಿಢೀರಂತ ಗಂಟಲಿಗೆ ಟ್ಯೂಬ್ ಹಾಕಬೇಕಾದಾಗ ವೆಕ್ಯುರೋನಿಯಂ ಬೇಕಾಗುತ್ತದೆ, ಅದಕ್ಕೇ ಅದು ಪಟ್ಟಿಯಲ್ಲಿತ್ತು. ಕಾರಣ ಸರಿ. ಆದರೆ ಉಸಿರು ನಿಲ್ಲಿಸುವ ಔಷಧ, ಬಿಪಿ ಏರಿಸುವ ಔಷಧ, ಸಲೈನ್ ಬಾಟಲಿ ಎಲ್ಲವೂ ಒಂದೇ ಬಾಗಿಲಿನಿಂದ, ಎರಡೇ ಅಕ್ಷರಕ್ಕೆ ತೆರೆದುಕೊಳ್ಳುತ್ತಿದ್ದವು.

ಈ ಪಟ್ಟಿ ಯಾರ ಕೆಲಸ? ನರ್ಸ್ ಕೆಲಸ ಅಲ್ಲವೇ ಅಲ್ಲ. ಯಾವ ಆಸ್ಪತ್ರೆಯಲ್ಲೂ ಅದನ್ನು ಮಾಡುವುದು ಫಾರ್ಮಸಿ ವಿಭಾಗ, ಔಷಧ ಸಮಿತಿಯ ಜೊತೆ ಕೂತು. ಹುಡುಕುವಾಗ ಬ್ರಾಂಡ್ ಹೆಸರು ನಡೆಯಬೇಕಾ ಬೇಡವಾ, ಎಷ್ಟು ಅಕ್ಷರ ಒತ್ತಬೇಕು, ಪರದೆ ಮೇಲೆ ಏನು ಎಚ್ಚರಿಕೆ ಬರಬೇಕು, ಇವೆಲ್ಲ ಫಾರ್ಮಸಿ ಮತ್ತು ಯಂತ್ರ ಮಾಡಿದ ಕಂಪನಿ ಸೇರಿ ಹೊಂದಿಸುವ ವಿಷಯ. ನಮ್ಮ ವೃತ್ತಿಯವರು ಎಲ್ಲೋ ಒಂದು ಮೀಟಿಂಗ್‌ನಲ್ಲಿ ಚಹಾ ಕುಡಿಯುತ್ತಾ ಹೂಂ ಅಂದ ಪಟ್ಟಿ ಅದು. ಇದನ್ನು ಹೇಳಲು ನನಗೆ ಮುಜುಗರ ಆಗುತ್ತದೆ, ನಾನೂ ಅಂಥ ಮೀಟಿಂಗ್‌ಗಳಲ್ಲಿ ಹೂಂ ಅಂದವನೇ.

ಇನ್ನೊಂದು ವಿಷಯ ಸೇರಿಸಬೇಕು. ವಾಂಡರ್‌ಬಿಲ್ಟ್ ಆ ಚಳಿಗಾಲದಲ್ಲಿ ರೋಗಿಗಳ ದಾಖಲೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಬದಲಾಯಿಸಿತ್ತು. ದಾಖಲೆ, ಫಾರ್ಮಸಿ, ಕ್ಯಾಬಿನೆಟ್ ಮೂರೂ ಒಂದಕ್ಕೊಂದು ಸರಿಯಾಗಿ ಮಾತಾಡದೆ ಔಷಧ ತಡವಾಗುತ್ತಿತ್ತು. ಓವರ್‌ರೈಡ್ ಮಾಡಿ ಕೆಲಸ ಸಾಗಿಸಿ ಅನ್ನುವುದು ಮಾಮೂಲಿ ಆಗಿತ್ತು ಅಂತ ವಾಟ್ ಹೇಳಿದರು. ಈ ಒಬ್ಬ ರೋಗಿಗೇ ಮೂರು ದಿನದಲ್ಲಿ ಕನಿಷ್ಠ 20 ಸಲ ಓವರ್‌ರೈಡ್ ಆಗಿತ್ತು, ಒಂದು ಸಲೈನ್ ಚೀಲ ತೆಗೆಯಲೂ ಅದೇ ದಾರಿ ಆಗಿತ್ತು ಅಂತ ಅವರ ಹೇಳಿಕೆ. ಆ ತೊಂದರೆ ಘಟನೆಗೆ ಕೆಲವು ವಾರ ಮೊದಲೇ ಸರಿಹೋಗಿತ್ತು ಅಂತ ಸರ್ಕಾರಿ ಕಡೆಯವರು ಹೇಳಿದರು. ಸರಿಹೋಗಿತ್ತು ಅಂತಲೇ ಇಟ್ಟುಕೊಳ್ಳೋಣ. ಕಂಪ್ಯೂಟರ್ ಸರಿಹೋದ ದಿನವೇ ಬೆರಳಿನ ಅಭ್ಯಾಸವೂ ಸರಿಹೋಗುತ್ತಾ? ರಸ್ತೆ ಅಗೆದಿದ್ದಾರೆ ಅಂತ ಗದ್ದೆ ಬದುವಿನ ಮೇಲೆ ನಡೆಯಲು ಶುರು ಮಾಡಿದ ಜನ ರಸ್ತೆ ಆದ ಮೇಲೂ ಬದುವಿನ ಮೇಲೆಯೇ ನಡೆಯುತ್ತಾರೆ.

ಎಚ್ಚರಿಕೆಗಳ ಕಥೆಯೂ ಅಷ್ಟೇ. ಐದು ಎಚ್ಚರಿಕೆ ದಾಟಿದರು ಅಂದಾಗ ಕೋರ್ಟಿನಲ್ಲಿ ಅದು ಭಯಂಕರವಾಗಿ ಕೇಳಿಸುತ್ತದೆ. ಆದರೆ ಪ್ರತಿ ಓವರ್‌ರೈಡ್‌ಗೂ ಪರದೆ ಏನಾದರೊಂದು ಕೇಳುತ್ತಾ ಇದ್ದರೆ, ದಿನಕ್ಕೆ ಎಷ್ಟೋ ಸಲ ಸರಿ ಸರಿ ಅಂತ ಒತ್ತುತ್ತಾ ಇದ್ದರೆ, ಕಣ್ಣು ಓದುವುದನ್ನು ನಿಲ್ಲಿಸುತ್ತದೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪೈರಿ ಹತ್ತಿರ ಇದೆ ಅಂತ ಬರುವ ಕೆಂಪು ಡಬ್ಬಿಯನ್ನು ನಾನು ಎಷ್ಟು ಸಲ ಓದದೆ ಮುಚ್ಚಿದ್ದೇನೋ.

ಆಮೇಲೆ ಆಸ್ಪತ್ರೆ ಮಾಡಿದ್ದು

ಇದು ನನಗೆ ಇಡೀ ಪ್ರಕರಣದಲ್ಲಿ ಅತಿ ಕೆಟ್ಟ ಭಾಗ. ಸಾವಿನ ವರದಿ ಅಲ್ಲಿನ ಮೆಡಿಕಲ್ ಎಕ್ಸಾಮಿನರ್‌ಗೆ, ಅಂದರೆ ಸಾವಿನ ಕಾರಣ ನಿರ್ಧರಿಸುವ ಅಧಿಕಾರಿಗೆ, ಹೋದಾಗ ಮೆದುಳಿನ ರಕ್ತಸ್ರಾವ ಅಂತ ಹೋಯಿತು, ವೆಕ್ಯುರೋನಿಯಂ ಮಾತೇ ಇಲ್ಲ. ಸಹಜ ಸಾವು ಅಂತ ದಾಖಲಾಯಿತು. ಇಂಥ ಘಟನೆಯನ್ನು ರಾಜ್ಯಕ್ಕೆ ತಿಳಿಸಬೇಕು ಅಂತ ಟೆನ್ನೆಸ್ಸಿ ಕಾನೂನಿನಲ್ಲೇ ಇದೆ, ಆಸ್ಪತ್ರೆ ತಿಳಿಸಲಿಲ್ಲ. 2018ರ ಜನವರಿಯಲ್ಲಿ ವಾಟ್‌ರನ್ನು ಕೆಲಸದಿಂದ ತೆಗೆದರು. ರೋಗಿಯ ಕುಟುಂಬದ ಜೊತೆ ಕೋರ್ಟಿನ ಹೊರಗೆ ಒಪ್ಪಂದ ಆಯಿತು, ಹೊರಗೆ ಮಾತಾಡಬಾರದು ಅನ್ನುವ ಷರತ್ತಿನ ಜೊತೆ. ಅಲ್ಲಿಗೆ ಕಡತ ಮುಚ್ಚಿತು ಅಂದುಕೊಂಡಿರಬೇಕು.

2018ರ ಅಕ್ಟೋಬರ್‌ನಲ್ಲಿ ಯಾರೋ ಹೆಸರು ಹಾಕದೆ ದೂರು ಕೊಟ್ಟರು. ಮೆಡಿಕೇರ್ ನೋಡಿಕೊಳ್ಳುವ ಸಿಎಂಎಸ್ ಅನ್ನುವ ಫೆಡರಲ್ ಸಂಸ್ಥೆಯ ಪರವಾಗಿ ತಪಾಸಣೆಯವರು ಹೇಳದೆ ಕೇಳದೆ ಬಂದರು. ನಿಮಿಷ ನಿಮಿಷದ ಲೆಕ್ಕ, ವಿ, ಇ ಅನ್ನುವ ಎರಡಕ್ಷರ, ಎಲ್ಲ ಹೊರಗೆ ಬಂದದ್ದು ಅವರ ವರದಿಯಿಂದ. ರೋಗಿಗಳ ಸುರಕ್ಷತೆಗೆ ತಕ್ಷಣದ ಅಪಾಯ ಇದೆ, ಸರಿಪಡಿಸದಿದ್ದರೆ ಮೆಡಿಕೇರ್ ದುಡ್ಡು ನಿಲ್ಲಿಸುತ್ತೇವೆ ಅಂತ ನೋಟಿಸ್ ಹೋಯಿತು. ಆಸ್ಪತ್ರೆ ತಿದ್ದುಪಡಿ ಯೋಜನೆ ಬರೆದುಕೊಟ್ಟಿತು, ಅದನ್ನು ಒಪ್ಪಿದರು, ದುಡ್ಡು ನಿಲ್ಲಲಿಲ್ಲ.

ವರದಿಯಲ್ಲಿ ನನಗೆ ಮುಖ್ಯ ಅನ್ನಿಸಿದ ಒಂದು ಅಂಶ ಇದೆ, ಚರ್ಚೆಗಳಲ್ಲಿ ಅದು ಅಷ್ಟಾಗಿ ಬರಲಿಲ್ಲ. ಮಂಪರು ತರಿಸುವಂಥ ಅಪಾಯದ ಔಷಧ ಕೊಟ್ಟ ಮೇಲೆ ರೋಗಿಯನ್ನು ಹೇಗೆ, ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅನ್ನುವುದು ಆಸ್ಪತ್ರೆಯ ನೀತಿಯಲ್ಲಿ ಸರಿಯಾಗಿ ಬರೆದಿರಲಿಲ್ಲ. ಅಂದರೆ ಅವತ್ತು ಸರಿಯಾದ ಮಿಡಜೋಲಾಮೇ ಕೊಟ್ಟಿದ್ದರೂ ಅವರು ಒಬ್ಬರೇ ಮಲಗಿರುತ್ತಿದ್ದರು. 75 ವರ್ಷದವರಿಗೆ, ಮೆದುಳಿಗೆ ಪೆಟ್ಟಾದವರಿಗೆ, ಮಿಡಜೋಲಾಮ್‌ನಿಂದಲೂ ಉಸಿರು ಇಳಿಯಬಹುದು. ಯಾರಾದರೂ ಪಕ್ಕದಲ್ಲಿದ್ದಿದ್ದರೆ ವೆಕ್ಯುರೋನಿಯಂ ಕೊಟ್ಟ ಮೇಲೂ ಚೀಲ ಒತ್ತಿ ಉಸಿರು ಕೊಟ್ಟು ಉಳಿಸಿಕೊಳ್ಳುವ ಅವಕಾಶ ಇತ್ತು. ಆ ಔಷಧದ ಪರಿಣಾಮ ತಾತ್ಕಾಲಿಕ, ಇಳಿಯುವ ತನಕ ಉಸಿರು ಕೊಡುತ್ತಾ ಇದ್ದರೆ ಸಾಕು.

ಮುಂದಿನದ್ದು ಕೋರ್ಟಿನ ಕಥೆ. 2019ರ ಫೆಬ್ರುವರಿಯಲ್ಲಿ ವಾಟ್ ಬಂಧನ. ರಾಜ್ಯದ ಆರೋಗ್ಯ ಇಲಾಖೆ 2018ರಲ್ಲಿ ಅವರ ಮೇಲೆ ಕ್ರಮ ಬೇಡ ಅಂದಿತ್ತು, ಸುದ್ದಿ ಆದ ಮೇಲೆ ಮನಸ್ಸು ಬದಲಾಯಿಸಿತು, 2021ರ ಜುಲೈನಲ್ಲಿ ನರ್ಸಿಂಗ್ ಬೋರ್ಡ್ ಲೈಸೆನ್ಸ್ ರದ್ದು ಮಾಡಿತು. 2022ರ ಮಾರ್ಚ್ 25ಕ್ಕೆ ತೀರ್ಪು ಬಂತು: ನಿರ್ಲಕ್ಷ್ಯದಿಂದ ಸಾವಿಗೆ ಕಾರಣ ಆದದ್ದು, ಅಸಹಾಯಕ ವ್ಯಕ್ತಿಯನ್ನು ತೀರಾ ಕಡೆಗಣಿಸಿದ್ದು, ಎರಡೂ ಸಾಬೀತು. ಅದಕ್ಕಿಂತ ಗಂಭೀರವಾದ ನರಹತ್ಯೆ ಆರೋಪದಿಂದ ಬಿಡುಗಡೆ. ಮೇ 13ಕ್ಕೆ ಮೂರು ವರ್ಷದ ಪ್ರೊಬೇಷನ್, ಅಂದರೆ ಕೋರ್ಟಿನ ನಿಗಾದಲ್ಲಿ ಹೊರಗಿರುವುದು, ಜೈಲಿಲ್ಲ. ಬೇರೆ ಯಾರ ಮೇಲೂ ಕ್ರಿಮಿನಲ್ ಕೇಸ್ ಆಗಲಿಲ್ಲ, ಆಸ್ಪತ್ರೆಯ ಮೇಲೂ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಲೈಸೆನ್ಸ್ ಹೋದದ್ದರಲ್ಲಿ ನನಗೆ ಆಕ್ಷೇಪ ಇಲ್ಲ. ವೈಲ್ ಮೇಲಿನ ಹೆಸರು ಓದುವುದು ನಮ್ಮ ಕೆಲಸದ ಮೊದಲನೇ ಪಾಠ, ಡಿ ಫಾರ್ಮ ಮೊದಲ ವರ್ಷದ ಹುಡುಗನಿಗೂ ಗೊತ್ತು. ಕ್ರಿಮಿನಲ್ ಕೇಸ್ ಮಾತ್ರ ತಪ್ಪು ಅನ್ನಿಸುತ್ತದೆ. ವಾಟ್ ಅವತ್ತೇ ಒಪ್ಪಿಕೊಂಡರು. ಆಸ್ಪತ್ರೆ ಹತ್ತು ತಿಂಗಳು ಬಾಯಿ ಬಿಡಲಿಲ್ಲ. ಒಪ್ಪಿಕೊಂಡವರಿಗೆ ಕಟಕಟೆ, ಸುಮ್ಮನಿದ್ದವರಿಗೆ ತಿದ್ದುಪಡಿ ಯೋಜನೆ. ಇದನ್ನು ನೋಡಿದ ಮೇಲೆ ಮುಂದಿನ ಸಲ ರಾತ್ರಿ ಪಾಳಿಯಲ್ಲಿ ತಪ್ಪಾದ ಒಬ್ಬ ಸಿಸ್ಟರ್ ಬಂದು ನಮ್ಮ ಹತ್ತಿರ ಹೇಳುತ್ತಾರಾ? 2024ರಲ್ಲಿ ಕೆಂಟಕಿ ರಾಜ್ಯ ಆರೋಗ್ಯ ಸಿಬ್ಬಂದಿಯ ಇಂಥ ತಪ್ಪುಗಳಿಗೆ ಕ್ರಿಮಿನಲ್ ಕೇಸ್‌ನಿಂದ ರಕ್ಷಣೆ ಕೊಡುವ ಕಾನೂನು ಮಾಡಿತು. ಈ ಪ್ರಕರಣ ಎಬ್ಬಿಸಿದ ಗದ್ದಲ ಅದರ ಹಿಂದಿತ್ತು.

ಯಂತ್ರದ ಕಡೆಯಲ್ಲಿ ಆದ ಬದಲಾವಣೆ ನಿಧಾನದ್ದು. ಔಷಧ ಸುರಕ್ಷತೆಗಾಗಿಯೇ ಇರುವ ಐಎಸ್‌ಎಂಪಿ ಅನ್ನುವ ಸಂಸ್ಥೆ 2019ರಲ್ಲಿ ಒಂದು ಸರಳ ಬೇಡಿಕೆ ಇಟ್ಟಿತು: ಓವರ್‌ರೈಡ್‌ನಲ್ಲಿ ಹುಡುಕುವಾಗ ಕನಿಷ್ಠ ಐದು ಅಕ್ಷರ ಒತ್ತಿಸಿ. ಇಂಗ್ಲಿಷಿನಲ್ಲಿ ಐದು ಅಕ್ಷರ ಒತ್ತಿದರೆ ವರ್ಸೆಡ್‌ಗೂ ವೆಕ್ಯುರೋನಿಯಂಗೂ ಗೊಂದಲವೇ ಇಲ್ಲ. ಈ ಕ್ಯಾಬಿನೆಟ್ ಮಾಡುವ ಓಮ್ನಿಸೆಲ್ 2020ರಲ್ಲಿ ಆ ಸೌಲಭ್ಯ ಸೇರಿಸಿತು, ಆದರೆ ಬೇಕಾದ ಆಸ್ಪತ್ರೆಯವರು ತಾವೇ ಆನ್ ಮಾಡಿಕೊಳ್ಳಬೇಕಿತ್ತು. ಆನ್ ಮಾಡುವವರು ಯಾರು? ಮತ್ತೆ ಫಾರ್ಮಸಿ. ಐದು ಅಕ್ಷರ ಒತ್ತಲು ನರ್ಸ್‌ಗಳು ಗೊಣಗುತ್ತಾರೆ, ಸ್ಪೆಲ್ಲಿಂಗ್ ತಪ್ಪಾಗುತ್ತದೆ, ತುರ್ತಿನಲ್ಲಿ ತಡ ಆಗುತ್ತದೆ ಅನ್ನುವ ಆಕ್ಷೇಪಣೆಗಳೂ ಬಂದವು. ಅವು ಸುಳ್ಳಲ್ಲ. ಅಡ್ರಿನಲಿನ್ ಹೆಸರಿನ ಐದು ಅಕ್ಷರವನ್ನು ನಡುಗುವ ಕೈಯಲ್ಲಿ ಒತ್ತಿ ನೋಡಿ, ಗೊತ್ತಾಗುತ್ತದೆ.

ಅದಕ್ಕೇ ನನಗೆ ಹಿಡಿಸುವುದು ಇನ್ನೊಂದು ಸಲಹೆ, ಅದು ಈ ಘಟನೆಗಿಂತ ಎಷ್ಟೋ ಹಳೆಯದು. ಸ್ನಾಯು ಸಡಿಲಿಸುವ ಔಷಧಗಳನ್ನು ಸಾಮಾನ್ಯ ವಾರ್ಡುಗಳಿಂದ ತೆಗೆದುಬಿಡಿ. ಬೇಕೇ ಬೇಕು ಅನ್ನುವ ಜಾಗದಲ್ಲಿ ಅವನ್ನು ಬೇರೆಯಾಗಿ, ಟ್ಯೂಬ್ ಹಾಕುವ ಸಾಮಾನಿನ ಜೊತೆ ಒಂದೇ ಸೀಲ್ ಮಾಡಿದ ಪೆಟ್ಟಿಗೆಯಲ್ಲಿಡಿ. ಆಗ ಆ ಪೆಟ್ಟಿಗೆ ಒಡೆಯುವವನಿಗೆ ತಾನು ಯಾಕೆ ಒಡೆಯುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಪಕ್ಕದಲ್ಲೇ ಟ್ಯೂಬ್, ಚೀಲ ಎಲ್ಲ ಇರುತ್ತದೆ. ಈ ಜಾತಿಯ ಔಷಧ ಬೇರೆ ಔಷಧಗಳ ಜೊತೆ ಬೆರೆತರೆ ಏನಾಗುತ್ತದೆ ಅನ್ನುವುದಕ್ಕೆ ನ್ಯಾಶ್‌ವಿಲ್ ಒಂದೇ ಉದಾಹರಣೆ ಅಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಸಿರಿಯಾದ ಇದ್ಲಿಬ್‌ನಲ್ಲಿ ದಡಾರ ಲಸಿಕೆಗೆ ಬೆರೆಸುವ ನೀರಿನ ಬದಲು ಅಟ್ರಾಕ್ಯೂರಿಯಂ ಬೆರೆಸಿ ಕೊಟ್ಟು ಸುಮಾರು 15 ಮಕ್ಕಳು ಸತ್ತರು.

ಇನ್ನು ನಮ್ಮ ಕಡೆ

ಕ್ಯಾಬಿನೆಟ್ಟೇ ಇಲ್ಲದ ನಮಗೆ ಇದರಿಂದ ಏನು ಅಂತ ನನ್ನ ಜೊತೆ ಕೆಲಸ ಮಾಡುವವರು ಕೇಳಿದರು. ನಾನು ಹೇಳಿದ್ದು ಇಷ್ಟು. ಫಾರ್ಮಸಿ ಕಾಯ್ದೆ 1948ರ ಸೆಕ್ಷನ್ 42ರ ಪ್ರಕಾರ ಚೀಟಿ ನೋಡಿ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಾಸಿಸ್ಟ್. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಅದರ ಮೇಲೆ ಚೀಟಿ ಪರಿಶೀಲಿಸುವುದು, ರೋಗಿಗೆ ತಿಳಿಸಿ ಹೇಳುವುದು ಎಲ್ಲ ಸೇರಿಸಿವೆ. ಹೊರರೋಗಿ ಕಿಟಕಿಯಲ್ಲಿ ಇದು ತಕ್ಕಮಟ್ಟಿಗೆ ನಡೆಯುತ್ತದೆ. ವಾರ್ಡಿನಲ್ಲಿ? ಬೆಳಿಗ್ಗೆ ಇಂಡೆಂಟ್ ಪುಸ್ತಕ ಬರುತ್ತದೆ: ಅಟ್ರಾಕ್ಯೂರಿಯಂ 10, ಮಿಡಜೋಲಾಮ್ 10, ಪೊಟ್ಯಾಸಿಯಂ ಕ್ಲೋರೈಡ್ 20. ರೋಗಿಯ ಹೆಸರಿಲ್ಲ, ಒಟ್ಟು ಲೆಕ್ಕ ಅಷ್ಟೇ. ಕೊಟ್ಟು ಸಹಿ ಹಾಕಿಸಿಕೊಂಡರೆ ನಮ್ಮ ಕೆಲಸ ಮುಗಿಯಿತು. ಆಮೇಲೆ ಅದು ಯಾವ ಟ್ರೇನಲ್ಲಿ ಹೋಯಿತು, ಯಾರ ಕೈಗೆ ಬಂತು, ಯಾರ ನರಕ್ಕೆ ಹೋಯಿತು, ನಮಗೆ ಗೊತ್ತಾಗುವುದೇ ಇಲ್ಲ. ವಾಂಡರ್‌ಬಿಲ್ಟ್‌ನಲ್ಲಿ ಓವರ್‌ರೈಡ್ ಒತ್ತಿದ್ದಾದರೂ ದಾಖಲಾಯಿತು, 2 ಗಂಟೆ 59 ಅಂತ ಸಮಯ ಸಿಕ್ಕಿತು. ನಮ್ಮ ವಾರ್ಡ್ ಸ್ಟಾಕ್‌ನಿಂದ ತೆಗೆದ ಪ್ರತಿ ಆಂಪ್ಯೂಲ್ ಕೂಡ ಓವರ್‌ರೈಡೇ, ಸಮಯ ಬರೆಯುವ ಯಂತ್ರ ಇಲ್ಲ ಅಷ್ಟೇ.

ಇದನ್ನೆಲ್ಲ ಓದಿದ ವಾರ ನಮ್ಮ ಐಸಿಯು ಫ್ರಿಜ್ ತೆಗೆದು ನೋಡಿದೆ. ಬಾಗಿಲಿನ ಕೆಳಗಿನ ಸಾಲಿನಲ್ಲಿ ಇನ್ಸುಲಿನ್, ಅದರ ಪಕ್ಕ ಅಟ್ರಾಕ್ಯೂರಿಯಂ, ಅದರ ಪಕ್ಕ ಸಕ್ಸಿನೈಲ್‌ಕೋಲಿನ್, ನಡುವೆ ಯಾರದೋ ಮಜ್ಜಿಗೆ ಪ್ಯಾಕೆಟ್. ಅಟ್ರಾಕ್ಯೂರಿಯಂ, ಸಕ್ಸಿನೈಲ್‌ಕೋಲಿನ್ ಎರಡೂ ಸ್ನಾಯು ಸಡಿಲಿಸುವ ಔಷಧಗಳೇ, ಎರಡನ್ನೂ ತಂಪಿನಲ್ಲೇ ಇಡಬೇಕು, ಹಾಗಾಗಿ ಫ್ರಿಜ್‌ನಿಂದ ಹೊರಗೆ ಹಾಕುವ ಹಾಗಿಲ್ಲ. ಮಜ್ಜಿಗೆ ತೆಗೆಸಿದೆ, ಅದು ಸುಲಭ. ಉಳಿದದ್ದಕ್ಕೆ ಮುಚ್ಚಳ ಇರುವ ಒಂದು ಕೆಂಪು ಪ್ಲಾಸ್ಟಿಕ್ ಡಬ್ಬಿ ತಂದು, ಉಸಿರು ನಿಲ್ಲಿಸುವ ಔಷಧ, ವೆಂಟಿಲೇಟರ್ ಇದ್ದರೆ ಮಾತ್ರ ಅಂತ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಸೀಲ್‌ಗೆ ನಂಬರ್ ಇರುವ ಪ್ಲಾಸ್ಟಿಕ್ ಲಾಕ್. ಒಡೆದರೆ ಯಾವ ರೋಗಿಗೆ, ಎಷ್ಟು ಹೊತ್ತಿಗೆ, ಯಾರು ಹೇಳಿದ್ದು ಅಂತ ಒಂದು ಪುಟ್ಟ ಪುಸ್ತಕದಲ್ಲಿ ಬರೆಯಬೇಕು. ಸಾಮಾನ್ಯ ವಾರ್ಡಿನ ಸ್ಟಾಕ್‌ನಿಂದ ಇವನ್ನು ಪೂರ್ತಿ ವಾಪಸ್ ತೆಗೆದುಕೊಂಡೆ. ಅಲ್ಲಿ ಯಾಕೆ ಇತ್ತು ಅಂತ ಕೇಳಿದರೆ ಯಾರಿಗೂ ಉತ್ತರ ಗೊತ್ತಿರಲಿಲ್ಲ, ಹಿಂದಿನಿಂದ ಇತ್ತು ಅಷ್ಟೇ.

ಐಸಿಯು ಇನ್‌ಚಾರ್ಜ್ ಸಿಸ್ಟರ್ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರ ಸರ್ವಿಸ್ ನನ್ನದಕ್ಕಿಂತ ಹತ್ತು ವರ್ಷ ಜಾಸ್ತಿ.

"ಲಾಕ್ ಒಡೆಯೋದು ಸರಿ ಸರ್. ರಾತ್ರಿ ಎರಡು ಗಂಟೆಗೆ ಒಡೆದ ಮೇಲೆ ಹೊಸ ಲಾಕ್ ಹಾಕೋರು ಯಾರು? ನಿಮ್ಮ ಫಾರ್ಮಸಿ ಹತ್ತು ಗಂಟೆಗೇ ಬಾಗಿಲು ಹಾಕುತ್ತೆ. ಬೆಳಿಗ್ಗೆವರೆಗೂ ಡಬ್ಬಿ ತೆರೆದೇ ಇರುತ್ತಲ್ವಾ?"

ರಾತ್ರಿ ಪಾಳಿಗೆ ಒಬ್ಬ ಫಾರ್ಮಾಸಿಸ್ಟ್ ಬೇಕು ಅಂತ ಆಡಳಿತಕ್ಕೆ ಪತ್ರ ಬರೆದಿದ್ದೇನೆ. ಅದಕ್ಕೆ ಉತ್ತರ ಬರುವ ತನಕ ಎರಡನೇ ಡಬ್ಬಿಯೊಂದನ್ನು ಸೀಲ್ ಮಾಡಿ ಸಿಸ್ಟರ್ ಕೈಗೆ ಕೊಟ್ಟಿದ್ದೇನೆ. ಮೊದಲನೆಯದು ಒಡೆದರೆ ಅದರಲ್ಲಿ ಉಳಿದದ್ದನ್ನು ಬೆಳಿಗ್ಗೆವರೆಗೆ ಬೀಗದ ಕಪಾಟಿನಲ್ಲಿಡುವುದು ಅಂತ ಮಾತಾಗಿದೆ. ಆ ಕಪಾಟು ತಂಪಾಗಿರುವುದಿಲ್ಲ, ಹಾಗಾಗಿ ಅವನ್ನು ಮತ್ತೆ ಬಳಸುವುದೋ ಬಿಸಾಡುವುದೋ ಅಂತ ಬೆಳಿಗ್ಗೆ ನಾನೇ ನೋಡಿ ಹೇಳಬೇಕು. ಕಳೆದ ತಿಂಗಳು ಎರಡು ಆಂಪ್ಯೂಲ್ ಹಾಗೆ ಬಿಸಾಡಿದೆವು. ಸ್ಟೋರ್ಸ್‌ನವರು ಲೆಕ್ಕ ಕೇಳಿದ್ದಾರೆ.